ಉಪಗ್ರಹದ ಚಿತ್ರದಲ್ಲಿ ನಮ್ಮೂರು: ಗದ್ದೆ, ಕಡಲು, ಮಳೆ ನೋಡುವ ಬಗೆ

ಐದು ದಿನಕ್ಕೊಮ್ಮೆ, ಬೆಳಿಗ್ಗೆ ಹನ್ನೊಂದರ ಆಸುಪಾಸಿಗೆ, ಯುರೋಪಿನ ಸೆಂಟಿನೆಲ್-2 ಉಪಗ್ರಹಗಳಲ್ಲೊಂದು ಸುಮಾರು 786 ಕಿ.ಮೀ. ಎತ್ತರದಿಂದ ಬೈಂದೂರು ಬಳಿಯ ನಮ್ಮ ಯಡ್ತರೆಯ ಚಿತ್ರ ತೆಗೆಯುತ್ತದೆ. ಅದು ಒಂದು ಸಲಕ್ಕೆ ನೋಡುವ ನೆಲದ ಅಗಲ 290 ಕಿ.ಮೀ. ಹಾಗಾಗಿ ಪಡುವಣದ ಸೋಮೇಶ್ವರ ಕಡಲತೀರ, ಒತ್ತಿನೆಣೆ ಗುಡ್ಡ, ಕೊಲ್ಲೂರಿನ ಕಾಡು, ಕೊಡಚಾದ್ರಿಯ ನೆತ್ತಿ ಎಲ್ಲವೂ ಒಂದೇ ಗಳಿಗೆಯಲ್ಲಿ ಸೆರೆಯಾಗುತ್ತವೆ. ಈ ಚಿತ್ರಗಳಲ್ಲಿ ಗುಟ್ಟೇನೂ ಇಲ್ಲ. ತೆಗೆದ ಒಂದೆರಡು ದಿನದೊಳಗೆ ಯಾರು ಬೇಕಾದರೂ, ಒಂದು ರೂಪಾಯಿ ಕೊಡದೆ, ಮನೆಯ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ತೆರೆದು ನೋಡಬಹುದು. ನಮ್ಮ ಕಡೆ ಗದ್ದೆ ಮಾಡುವವರು, ದೋಣಿ ಇಳಿಸುವವರು, ಪಂಚಾಯಿತಿಯಲ್ಲಿ ಕೂತು ತೀರ್ಮಾನ ಮಾಡುವವರು, ಶಾಲೆಯಲ್ಲಿ ಭೂಗೋಳ ಕಲಿಸುವವರು ಇದನ್ನು ಬಳಸಿಕೊಳ್ಳುವುದು ಇನ್ನೂ ತೀರ ಕಡಿಮೆ. ಕಲಿಯಲು ದೊಡ್ಡ ಓದೇನೂ ಬೇಕಿಲ್ಲ. ಬೇಕಾದದ್ದು ಒಂದೇ ಶಿಸ್ತು: ನಿಮ್ಮ ಪ್ರಶ್ನೆ ಯಾವುದು ಎಂದು ಮೊದಲು ಗಟ್ಟಿ ಮಾಡಿಕೊಳ್ಳಿ, ಅದಕ್ಕೆ ಹೊಂದುವ ಉಪಗ್ರಹವನ್ನು ಆಮೇಲೆ ಹುಡುಕಿ. ಮಳೆ ನೋಡುವ ಉಪಗ್ರಹದಲ್ಲಿ ಗದ್ದೆ ಕಾಣದು, ಗದ್ದೆ ನೋಡುವ ಉಪಗ್ರಹಕ್ಕೆ ಆಷಾಢದ ಮೋಡದಡಿ ಏನೂ ಕಾಣದು.

ಭಾರತದ ಉಪಗ್ರಹಗಳ ಕತೆಗೂ ಉಡುಪಿ ಜಿಲ್ಲೆಗೂ ನಂಟಿದೆ. 1975ರ ಏಪ್ರಿಲ್ 19ರಂದು ಹಾರಿದ ‘ಆರ್ಯಭಟ’ವನ್ನು ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ ತಂಡದ ಮುಂದಾಳು ಯು.ಆರ್. ರಾವ್ ಹುಟ್ಟಿದ್ದು ಇದೇ ಜಿಲ್ಲೆಯ ತೆಂಕಣ ತುದಿಯ ಅದಮಾರಿನಲ್ಲಿ, 1932ರಲ್ಲಿ. ಭೂಮಿಯನ್ನು ನೋಡಲೆಂದೇ ರೂಪಿಸಿದ ‘ಭಾಸ್ಕರ-1’ 1979ರಲ್ಲಿ ಹಾರಿತು. ರಾವ್ ಇಸ್ರೋ ಅಧ್ಯಕ್ಷರಾಗಿದ್ದಾಗ, 1988ರ ಮಾರ್ಚ್ 17ರಂದು, ಐಆರ್‌ಎಸ್-1ಎ ಮೇಲೇರಿತು. ಬೆಳೆ, ಕಾಡು, ಕೆರೆಗಳ ಲೆಕ್ಕವನ್ನು ನಮ್ಮದೇ ಉಪಗ್ರಹದಿಂದ ಹಾಕುವ ಕೆಲಸ ನಿಯತವಾಗಿ ನಡೆಯತೊಡಗಿದ್ದು ಅಲ್ಲಿಂದ. ಇವತ್ತು ನಮಗೆ ಸಿಗುವ ಮಾಹಿತಿಯ ಬೇರು ಅದರಲ್ಲಿದೆ.

ಒಂದು ಚುಕ್ಕೆ ಎಂದರೆ ಎಷ್ಟು ಸೆಂಟ್ಸ್?

ಉಪಗ್ರಹದ ಚಿತ್ರ ಚೌಕ ಚುಕ್ಕೆಗಳಿಂದ ಆದದ್ದು. ಒಂದು ಚುಕ್ಕೆಯೊಳಗೆ ಏನೇ ಇರಲಿ, ಎಲ್ಲ ಕಲಸಿ ಒಂದೇ ಬಣ್ಣವಾಗಿ ಬರುತ್ತದೆ. ಆ ಚುಕ್ಕೆ ನೆಲದ ಮೇಲೆ ಎಷ್ಟು ದೊಡ್ಡದು ಎಂದು ಗೊತ್ತಿಲ್ಲದೆ ಚಿತ್ರ ನೋಡಿದರೆ ಮೋಸ ಹೋಗುವುದು ಖಂಡಿತ. ಮೀಟರುಗಳಲ್ಲಿ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲ, ಸೆಂಟ್ಸಿನಲ್ಲಿ ಲೆಕ್ಕ ಹಾಕೋಣ.

ಸೆಂಟಿನೆಲ್-2ರ ಚುಕ್ಕೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಸುಮಾರು ಎರಡೂವರೆ ಸೆಂಟ್ಸ್. ಒಂದು ಎಕರೆ ಗದ್ದೆಗೆ ನಲವತ್ತು ಚುಕ್ಕೆ. ಅಷ್ಟಿದ್ದರೆ ಗದ್ದೆ ಹಸಿರಿದೆಯೋ ಒಣಗಿದೆಯೋ ಹೇಳಬಹುದು. ಐದು ಸೆಂಟ್ಸಿನ ಮನೆ ನಿವೇಶನಕ್ಕೆ ಎರಡೇ ಚುಕ್ಕೆ, ಅಲ್ಲಿ ಮನೆಯ ಆಕಾರ ಹುಡುಕಬೇಡಿ. ಅಮೆರಿಕದ ಲ್ಯಾಂಡ್‌ಸ್ಯಾಟ್‌ನ ಚುಕ್ಕೆ 30 ಮೀಟರ್, ಅಂದರೆ 22 ಸೆಂಟ್ಸ್. ಒರಟು ನಿಜ, ಆದರೆ ಅದರ ಸರಣಿ 1972ರಿಂದ ನಡೆದುಬಂದಿದೆ. ಹಳೆಯದನ್ನು ನೋಡಲು ಅದಕ್ಕೆ ಸಾಟಿಯಿಲ್ಲ. ನಮ್ಮ ರಿಸೋರ್ಸ್‌ಸ್ಯಾಟ್‌ನ ಲಿಸ್-4 ಕ್ಯಾಮೆರಾದ ಚುಕ್ಕೆ 5.8 ಮೀಟರ್, ಒಂದು ಸೆಂಟ್ಸಿಗಿಂತಲೂ ಕಡಿಮೆ. ಕಡಲಿನ ಬಣ್ಣ ನೋಡುವ ಓಷನ್‌ಸ್ಯಾಟ್‌ನದ್ದು 360 ಮೀಟರ್, ಅಂದರೆ ಸುಮಾರು 32 ಎಕರೆ. ಮೋಡದ ಶಾಖ ಅಳೆಯುವ ಇನ್ಸ್ಯಾಟ್‌ನ ಒಂದೇ ಚುಕ್ಕೆಯೊಳಗೆ 16 ಚದರ ಕಿ.ಮೀ. ಸೇರಿಹೋಗುತ್ತದೆ. ಟಿ.ವಿ.ಯಲ್ಲಿ ತೋರಿಸುವ ಮೋಡದ ಚಿತ್ರ ಇದೇ. ಅದನ್ನು ನೋಡಿ ‘ಯಡ್ತರೆಗೆ ಮಳೆ, ಶಿರೂರಿಗೆ ಬಿಸಿಲು’ ಎಂದು ಹೇಳಲು ಬಾರದಿರುವುದು ಇದರಿಂದಲೇ.

ಗೂಗಲ್ ಅರ್ಥ್‌ನಲ್ಲಿ ನಿಮ್ಮ ಮನೆಯ ಹಂಚಿನ ಮಾಡು, ಅಂಗಳದ ಅಡಿಕೆ ಚಪ್ಪರ ಎಲ್ಲ ಕಾಣುತ್ತದಲ್ಲ ಎಂದು ಕೇಳಬಹುದು. ಅವು ಖಾಸಗಿ ಕಂಪನಿಗಳ ಹೆಚ್ಚು ಸ್ಪಷ್ಟವಾದ ಚಿತ್ರಗಳು, ಆದರೆ ನೇರಪ್ರಸಾರವಲ್ಲ. ನಮ್ಮೂರಿನ ಮಟ್ಟಿಗೆ ಅದು ತಿಂಗಳ ಹಿಂದಿನದಿರಬಹುದು, ವರ್ಷಗಳ ಹಿಂದಿನದೂ ಇರಬಹುದು. ಚಿತ್ರ ತೆಗೆದ ದಿನಾಂಕವನ್ನು ಅಲ್ಲೇ ತೋರಿಸುತ್ತಾರೆ, ಮೊದಲು ಅದನ್ನು ನೋಡಿ. ಹಳೆಯ ಚಿತ್ರಗಳನ್ನು ಹಿಂದೆ ಹಿಂದೆ ಸರಿಸಿ ನೋಡುವ ಅನುಕೂಲವೂ ಅದರಲ್ಲಿದೆ. ಹೆದ್ದಾರಿ 66ನ್ನು ಚತುಷ್ಪಥ ಮಾಡುವಾಗ ಒತ್ತಿನೆಣೆ ಗುಡ್ಡವನ್ನು ಹೇಗೆ ಸೀಳಿದರು ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಚಿತ್ರ ತೆರೆಯುವುದು ಹೇಗೆ

ಶುರುಮಾಡಲು ‘ಕೋಪರ್ನಿಕಸ್ ಬ್ರೌಸರ್’ ಸಾಕು. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಚಿತ್ರಗಳು ಇಲ್ಲಿ ತೆರೆಯುತ್ತವೆ. ಹುಡುಕುವ ಜಾಗದಲ್ಲಿ ಬೈಂದೂರು ಎಂದು ಇಂಗ್ಲಿಷಿನಲ್ಲಿ ಹೊಡೆಯಿರಿ. ನಕಾಶೆ ಬಂದ ಮೇಲೆ ಹೆದ್ದಾರಿಯ ಗೆರೆ ಹಿಡಿದು ಯಡ್ತರೆಗೆ ಸರಿಯಿರಿ. ಸೆಂಟಿನೆಲ್-2 ಆರಿಸಿ, ‘ಎಲ್2ಎ’ ಎಂಬ ಬಗೆಯನ್ನೇ ತೆಗೆದುಕೊಳ್ಳಿ. ಗಾಳಿಯ ಮಸುಕನ್ನು ತೆಗೆದು ಹಸನು ಮಾಡಿದ ಚಿತ್ರ ಅದು. ದಿನಾಂಕದ ಕ್ಯಾಲೆಂಡರಿನಲ್ಲಿ ಯಾವ ದಿನ ಚಿತ್ರ ಇದೆ ಎಂದು ಗುರುತು ಮಾಡಿರುತ್ತಾರೆ. ಮೋಡದ ಪ್ರಮಾಣ ಇಷ್ಟರೊಳಗಿರಲಿ ಎಂದು ಮಿತಿ ಹಾಕುವ ಪಟ್ಟಿಯೂ ಅಲ್ಲೇ ಇದೆ. ಮೊದಲ ಸಲ ನೋಡುವವರು ಜನವರಿ ಅಥವಾ ಫೆಬ್ರುವರಿಯ ಒಂದು ದಿನ ಆರಿಸಿ. ನವೆಂಬರ್ ನಡುವಿನಿಂದ ಮಾರ್ಚ್‌ವರೆಗೆ ನಮ್ಮ ಆಕಾಶ ತಿಳಿಯಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಚಿತ್ರಗಳಲ್ಲಿ ಬಿಳಿ ಮೋಡ ಬಿಟ್ಟು ಬೇರೇನೂ ಸಿಗುವುದು ಅಪರೂಪ. ಎರಡು ದಿನಗಳ ಚಿತ್ರವನ್ನು ಅಕ್ಕಪಕ್ಕ ಇಟ್ಟು ಹೋಲಿಸಲು, ದೂರ ಅಳೆಯಲು ಸಲಕರಣೆಗಳಿವೆ. ಕೆಲವಕ್ಕೆ ಉಚಿತ ನೋಂದಣಿ ಬೇಕು.

ಭಾರತದ ಉಪಗ್ರಹಗಳ ಚಿತ್ರ ಬೇಕೆಂದರೆ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ‘ಭೂನಿಧಿ’ಗೆ ಹೋಗಬೇಕು. ಅದೇ ಕೇಂದ್ರ 2009ರಲ್ಲಿ ಆರಂಭಿಸಿದ ‘ಭುವನ್’ ನಕಾಶೆಗಳನ್ನು ನೋಡಲು ಅನುಕೂಲ, ‘ಭೂನಿಧಿ’ ಚಿತ್ರಗಳನ್ನು ಇಳಿಸಿಕೊಳ್ಳಲು. 2023ರ ಬಾಹ್ಯಾಕಾಶ ನೀತಿಯ ಪ್ರಕಾರ 5 ಮೀಟರ್ ಮತ್ತು ಅದಕ್ಕಿಂತ ಒರಟಾದ ಚಿತ್ರಗಳು ಉಚಿತ. ಹಾಗಾಗಿ ಲಿಸ್-4 ಚಿತ್ರವೂ ನಿಮಗೆ ಸಿಗುತ್ತದೆ. ಆದರೆ ಇಳಿಸಿಕೊಂಡ ಕಡತವನ್ನು ತೆರೆಯಲು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಕಲಿಯಬೇಕಾಗುತ್ತದೆ. ಕಾಲೇಜಿನ ಹುಡುಗರಿಗೆ ಇದು ಒಳ್ಳೆಯ ರಜೆಯ ಕೆಲಸ.

ಗದ್ದೆ, ಹಾಡಿ, ತೋಟ

ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣದ, ಕೆಂಪಿನ ಆಚೆಗಿನ ಅವಕೆಂಪು ಬೆಳಕನ್ನು ಜೋರಾಗಿ ಹಿಂದಕ್ಕೆ ಚೆಲ್ಲುತ್ತದೆ. ಒಣಮಣ್ಣು ಹಾಗೆ ಮಾಡುವುದಿಲ್ಲ, ನೀರಂತೂ ಅವಕೆಂಪನ್ನು ನುಂಗಿಯೇ ಬಿಡುತ್ತದೆ. ಈ ಎರಡು ಬೆಳಕಿನ ಅಂತರವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಎನ್‌ಡಿವಿಐ ಎನ್ನುತ್ತಾರೆ, ಹಸಿರಿನ ಸೂಚ್ಯಂಕ. ಒಂದರ ಹತ್ತಿರ ಬಂದಷ್ಟೂ ದಟ್ಟ ಹಸಿರು, ಸೊನ್ನೆಯ ಹತ್ತಿರ ಬರಿ ನೆಲ, ಸೊನ್ನೆಗಿಂತ ಕೆಳಗೆ ಸಾಮಾನ್ಯವಾಗಿ ನೀರು. ಬ್ರೌಸರಿನಲ್ಲಿ ಇದನ್ನು ಲೆಕ್ಕಹಾಕಿಯೇ ಕೊಟ್ಟಿರುತ್ತಾರೆ, ಒಂದು ಗುಂಡಿ ಒತ್ತಿದರಾಯಿತು.

ನಮ್ಮಲ್ಲಿ ಇದರಿಂದ ನಿಜವಾದ ಪ್ರಯೋಜನ ಸಿಗುವುದು ಹಡಿಲು ಬಿದ್ದ ಗದ್ದೆಗಳ ಲೆಕ್ಕಕ್ಕೆ. ಬರೀ ಒಂದು ದಿನದ ಚಿತ್ರ ನೋಡಿ ಇದು ಹಡಿಲು, ಇದು ಬೆಳೆ ಎನ್ನಲು ಬಾರದು. ಮಳೆ ಬಿದ್ದರೆ ಕಳೆಯೂ ಹಸಿರೇ. ಬೆಳೆಯಿಟ್ಟ ಗದ್ದೆ ನಾಲ್ಕು ತಿಂಗಳೊಳಗೆ ನೀರು, ಹಸಿರು, ಹೊನ್ನಿನ ಹಳದಿ, ಕಟಾವಾದ ಬರಿನೆಲ ಹೀಗೆ ಒಂದರ ಹಿಂದೊಂದು ರೂಪ ಬದಲಿಸುತ್ತದೆ. ಹಡಿಲು ಗದ್ದೆ ಮಳೆಗೆ ಹಸಿರಾಗಿ ಬೇಸಗೆಯವರೆಗೆ ನಿಧಾನವಾಗಿ ಬಾಡುತ್ತಾ ಹೋಗುತ್ತದೆ, ಕಟಾವಿನ ಆ ಥಟ್ಟನೆಯ ಇಳಿತ ಅದರಲ್ಲಿ ಇರುವುದಿಲ್ಲ. ಆದ್ದರಿಂದ ಚಿತ್ರಗಳ ಸಾಲನ್ನೇ ನೋಡಬೇಕು. ಮುಂಗಾರಿನ ನಾಟಿ ಮೋಡದಡಿ ಮುಚ್ಚಿಹೋದರೂ ಅಕ್ಟೋಬರಿನ ಕೊಯ್ಲಿನ ಹೊತ್ತಿಗೆ ಒಂದೆರಡು ತಿಳಿ ದಿನ ಸಿಕ್ಕೇ ಸಿಗುತ್ತವೆ. ಸುಗ್ಗಿ ಬೆಳೆ, ಬೈಲುಗದ್ದೆಯ ಕೊಳ್ಕೆ ಬೆಳೆ ಎರಡೂ ತಿಳಿ ಆಕಾಶದ ಕಾಲದವು, ಅವನ್ನು ಉಪಗ್ರಹ ಚೆನ್ನಾಗಿ ನೋಡುತ್ತದೆ. ಫೆಬ್ರುವರಿಯಲ್ಲಿ ಬೆಟ್ಟುಗದ್ದೆಗಳೆಲ್ಲ ಕಂದಾಗಿರುವಾಗ ಬೈಲಿನ ಉದ್ದಕ್ಕೆ ಒಂದು ಹಸಿರು ಪಟ್ಟಿ ಕಂಡರೆ ಅಲ್ಲಿ ನೀರಿದೆ ಎಂದರ್ಥ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ವರ್ಷ ಆ ಪಟ್ಟಿ ಎಷ್ಟು ಅಗಲವಾಯಿತು, ಹಾಕದ ವರ್ಷ ಎಷ್ಟು ಕಿರಿದಾಯಿತು ಎಂದು ಪಂಚಾಯಿತಿಯವರು ತಾವೇ ಅಳೆಯಬಹುದು. ಇಷ್ಟು ನೇರವಾಗಿ ಲೆಕ್ಕ ಕೊಡುವ ಸಾಧನ ಇನ್ನೊಂದಿಲ್ಲ ಎಂದು ನನಗನಿಸುತ್ತದೆ.

ಕೆಂಪುಕಲ್ಲಿನ ಕೋರೆಗಳೂ ಸುಲಭವಾಗಿ ಕಾಣುತ್ತವೆ: ಹಸಿರಿನ ನಡುವೆ ಹೊಳೆಯುವ ಚೌಕಗಳು. ರಬ್ಬರ್ ತೋಟ ಜನವರಿಯ ಹೊತ್ತಿಗೆ ಎಲೆ ಉದುರಿಸಿ ಮತ್ತೆ ಚಿಗುರುವುದರಿಂದ ಪಕ್ಕದ ಹಾಡಿಯಿಂದ ಬೇರೆಯಾಗಿ ಎದ್ದು ತೋರುತ್ತದೆ. ಆದರೆ ಅಡಿಕೆ ತೋಟದ ಎಲೆಚುಕ್ಕಿ ರೋಗವನ್ನೋ ಹಳದಿ ರೋಗವನ್ನೋ ಈ ಚಿತ್ರದಲ್ಲಿ ಗುರುತಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಲು ಅವಸರಪಡಬೇಡಿ. ಎರಡೂವರೆ ಸೆಂಟ್ಸಿನ ಚುಕ್ಕೆಯೊಳಗೆ ಅಡಿಕೆ, ಬಾಳೆ, ಕಾಳುಮೆಣಸು, ಕೆಳಗಿನ ಹುಲ್ಲು ಎಲ್ಲ ಬೆರೆತಿರುತ್ತವೆ. ಎಲ್ಲೋ ಹಸಿರು ಕಡಿಮೆಯಾಗಿದೆ ಎಂಬಷ್ಟನ್ನು ಚಿತ್ರ ಹೇಳುತ್ತದೆ, ಏಕೆ ಎಂದು ತಿಳಿಯಲು ತೋಟಕ್ಕೆ ಇಳಿಯಲೇಬೇಕು.

ಜಾಗದ ಗಡಿಯ ವಿಷಯಕ್ಕೂ ಒಂದು ಎಚ್ಚರಿಕೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ‘ದಿಶಾಂಕ್’ ಆ್ಯಪ್‌ನಲ್ಲಿ ನೀವು ನಿಂತ ನೆಲದ ಸರ್ವೆ ನಂಬರ್ ತಿಳಿಯುತ್ತದೆ. ಜಾಗ ಕೊಳ್ಳುವ ಮುನ್ನ ನೋಡಿಕೊಳ್ಳಲು ಬಹಳ ಉಪಯುಕ್ತ. ಆದರೆ ಕುಮ್ಕಿಯ ತಕರಾರು, ಬೇಲಿಯ ಜಗಳ ಇವಕ್ಕೆ ಅದು ಸಾಕ್ಷಿಯಾಗದು. ಅದಕ್ಕೆ ಸರ್ವೆ ಇಲಾಖೆಯ ಅಳತೆಯೇ ಆಗಬೇಕು.

ಕಡಲಿಗೆ ಹೋಗುವವರಿಗೆ

ಹಕ್ಕಿಗಳ ಹಿಂಡು ಎಲ್ಲಿ ಎರಗುತ್ತಿದೆ, ನೀರಿನ ಬಣ್ಣ ಎಲ್ಲಿ ತಿರುಗಿದೆ ಎಂದು ನೋಡಿ ಬೈಗೆ, ಬಂಗುಡೆಯ ಗುಂಪನ್ನು ಗುರುತಿಸುವುದು ನಮ್ಮ ಮೀನುಗಾರರಿಗೆ ಹೊಸದಲ್ಲ. ಓಷನ್‌ಸ್ಯಾಟ್ ನೋಡುವುದೂ ನೀರಿನ ಬಣ್ಣವನ್ನೇ. ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಕಡಲಿನ ಮೇಲ್ಪದರದಲ್ಲಿ ಹೆಚ್ಚಿದಾಗ ಪತ್ರಹರಿತ್ತಿನಿಂದ ನೀರು ಹಸಿರಿಗೆ ತಿರುಗುತ್ತದೆ. ಅವನ್ನು ತಿನ್ನುವ ಸಣ್ಣ ಜೀವಿಗಳು, ಆ ಜೀವಿಗಳನ್ನು ತಿನ್ನುವ ಮೀನು ಅಲ್ಲಿಗೆ ಬರುತ್ತವೆ. ತಣ್ಣೀರು ಬೆಚ್ಚನೆಯ ನೀರು ಕೂಡುವ ಅಂಚಿನಲ್ಲಿ ಈ ಜಮಾವಣೆ ಜೋರು. ಬಣ್ಣ ಮತ್ತು ಶಾಖ, ಎರಡರ ಅಂಚೂ ಒಟ್ಟಿಗೆ ಸಿಕ್ಕ ಕಡೆಯನ್ನು ಹೈದರಾಬಾದಿನ ಇನ್‌ಕಾಯಿಸ್, ಅಂದರೆ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ, ‘ಸಂಭಾವ್ಯ ಮೀನುಗಾರಿಕಾ ವಲಯ’ ಎಂದು ಸೂಚಿಸುತ್ತದೆ. ಯಾವ ಬಂದರಿನಿಂದ ಯಾವ ದಿಕ್ಕಿಗೆ ಎಷ್ಟು ಕಿ.ಮೀ., ಅಲ್ಲಿ ಎಷ್ಟು ಆಳ, ಅಕ್ಷಾಂಶ ರೇಖಾಂಶ ಎಷ್ಟು ಎಂಬ ವಿವರ ಕನ್ನಡದಲ್ಲೂ ಸಿಗುತ್ತದೆ. ಗಂಗೊಳ್ಳಿ, ಕೊಡೇರಿ, ಶಿರೂರಿನ ಅಳ್ವೆಗದ್ದೆಯಿಂದ ಹೊರಡುವವರು ಜಿಪಿಎಸ್‌ನಲ್ಲಿ ಆ ಅಂಕಿಗಳನ್ನು ಕೂರಿಸಿಕೊಂಡು ಹೋಗಬಹುದು. ಗೊತ್ತಿಲ್ಲದೆ ಹುಡುಕಾಡಿ ಸುಡುವ ಡೀಸೆಲ್ ಉಳಿದರೂ ಅದು ಲಾಭವೇ.

ಮೂರು ಸಂಗತಿ ನೆನಪಿರಲಿ. ಈ ಅಂಚುಗಳು ಗಾಳಿ, ನೀರಿನ ಸೆಳೆತಕ್ಕೆ ಸರಿಯುತ್ತವೆ, ಮೊನ್ನೆಯ ಸೂಚನೆ ಹಿಡಿದು ಇವತ್ತು ಹೋಗಬೇಡಿ. ಮೋಡ ಮುಚ್ಚಿದ ದಿನ ಸೂಚನೆ ಬರದೇ ಇರಬಹುದು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಂತೂ ಕೊಡುವುದೇ ಇಲ್ಲ, ಹಾಗಾಗಿ ಮಳೆಗಾಲದ ನಾಡದೋಣಿಯವರಿಗೆ ಇದರಿಂದ ಸಹಾಯವಿಲ್ಲ. ಅವರಿಗೆ ಹೆಚ್ಚು ಬೇಕಾದದ್ದು ಅದೇ ಕೇಂದ್ರದ ಅಲೆಯ ಮುನ್ಸೂಚನೆ. ಭಾರತ, ಫ್ರಾನ್ಸ್ ಸೇರಿ 2013ರಲ್ಲಿ ಹಾರಿಸಿದ ‘ಸರಳ್’ನಂಥ ಉಪಗ್ರಹಗಳು ಕಡಲಿನತ್ತ ರೇಡಾರ್ ಮಿಡಿತ ಕಳಿಸಿ, ಮರಳಿ ಬಂದ ಮಿಡಿತದ ರೂಪದಿಂದ ಅಲೆಯ ಎತ್ತರ ಅಳೆಯುತ್ತವೆ. ದೂರದ ದಕ್ಷಿಣ ಸಾಗರದ ಬಿರುಗಾಳಿಯೆಬ್ಬಿಸಿದ ಉಬ್ಬಲೆ ನಮ್ಮ ತೀರ ಮುಟ್ಟಲು ದಿನಗಳೇ ಬೇಕು. ಇಲ್ಲಿ ಗಾಳಿಯಿಲ್ಲ, ಮಳೆಯಿಲ್ಲ, ಆದರೂ ಕಡಲು ಇದ್ದಕ್ಕಿದ್ದಂತೆ ಮೇಲೇರಿ ಬರುವುದು ಇಂಥ ಅಲೆಯಿಂದ. ಆಕಾಶ ತಿಳಿಯಾಗಿದೆ ಎಂದು ಎಚ್ಚರಿಕೆಯನ್ನು ತಳ್ಳಿಹಾಕುವುದು ಅಪಾಯ.

ಕಡಲ್ಕೊರೆತ ಅಳೆಯುವಾಗ

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಇಲ್ಲಿ ತೀರ ಹತ್ತು ಮೀಟರ್ ಸರಿದರೂ ದೊಡ್ಡ ಸುದ್ದಿ. ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ ಮುಂದಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ, ಕರ್ನಾಟಕದ ತೀರದ ಹೆಚ್ಚುಕಡಿಮೆ ಕಾಲುಭಾಗ ಕೊರೆತಕ್ಕೆ ಸಿಕ್ಕಿದೆ ಎಂದು ಗುರುತಿಸಿದೆ. ನಿಮ್ಮೂರಿನ ತೀರವನ್ನು ನೀವೇ ಹೋಲಿಸಹೊರಟರೆ ತಪ್ಪುವ ದಾರಿಗಳು ಹಲವು.

ಉಬ್ಬರ-ಇಳಿತ ಮೊದಲನೆಯದು. ಮರಳತೀರ ಇಪ್ಪತ್ತು ಮೀಟರಿಗೆ ಒಂದು ಮೀಟರಿನಂತೆ ಇಳಿಜಾರಿದ್ದರೆ, ಒಂದೇ ಮೀಟರ್ ಉಬ್ಬರಕ್ಕೆ ನೀರಿನ ಗೆರೆ ಇಪ್ಪತ್ತು ಮೀಟರ್ ಒಳಗೆ ಬರುತ್ತದೆ. ಅಂದರೆ ಸೆಂಟಿನೆಲ್ ಚಿತ್ರದಲ್ಲಿ ಎರಡು ಚುಕ್ಕೆ. ಇಳಿತದ ಹೊತ್ತಿನ ಹಳೆಯ ಚಿತ್ರದ ಪಕ್ಕ ಉಬ್ಬರದ ಹೊತ್ತಿನ ಹೊಸ ಚಿತ್ರ ಇಟ್ಟರೆ ಇಲ್ಲದ ಕೊರೆತ ಕಾಣುತ್ತದೆ. ಋತುವಿನದ್ದೂ ಹಾಗೆಯೇ: ಮಳೆಗಾಲದ ಅಲೆ ಮರಳನ್ನು ಒಳಗೆಳೆದುಕೊಳ್ಳುತ್ತದೆ, ಬೇಸಗೆಯ ಹೊತ್ತಿಗೆ ಬಹುಪಾಲು ತಂದು ಹಾಕುತ್ತದೆ. ಸೆಪ್ಟೆಂಬರನ್ನು ಏಪ್ರಿಲ್ ಜೊತೆ ಹೋಲಿಸಿದರೆ ಅದು ಕೊರೆತದ ಲೆಕ್ಕವಲ್ಲ. ಒಂದೇ ತಿಂಗಳ, ಸಾಧ್ಯವಾದಷ್ಟು ಒಂದೇ ಮಟ್ಟದ ಉಬ್ಬರದ ಚಿತ್ರಗಳನ್ನು ಆರಿಸಿ.

ಇದಕ್ಕೂ ಸುಲಭದ ದಾರಿಯಿದೆ. ನೀರಿನ ಗೆರೆ ಬಿಡಿ, ಗಿಡಗಳ ಗೆರೆ ಹಿಡಿಯಿರಿ. ಗಾಳಿಮರದ ಸಾಲು, ತೆಂಗಿನ ತೋಟದ ಅಂಚು, ಮರಳಬಳ್ಳಿ ಹಬ್ಬಿದ ಕೊನೆ ಇವು ಉಬ್ಬರಕ್ಕೆ ಜಾಗ ಬದಲಿಸುವುದಿಲ್ಲ. ವರ್ಷದಿಂದ ವರ್ಷಕ್ಕೆ ಆ ಹಸಿರು ಅಂಚು ಹಿಂದೆ ಸರಿದಿದ್ದರೆ ಕೊರೆತ ನಿಜ. ಕಲ್ಲಿನ ತಡೆಗೋಡೆ ಹಾಕಿದ ಕಡೆ ಈ ಉಪಾಯ ನಡೆಯದು. ಅಲ್ಲಿ ಗೋಡೆಯ ಎರಡೂ ತುದಿಗಳಾಚೆಯ ತೀರ ಏನಾಗುತ್ತಿದೆ ಎಂದು ನೋಡಿ, ಅಲೆಯ ಹೊಡೆತ ಅಲ್ಲಿಗೆ ತಿರುಗಿರುವುದು ಉಂಟು.

ಗಂಗೊಳ್ಳಿಯ ಅಳಿವೆಯನ್ನು ಅಕ್ಟೋಬರಿನ ತಿಳಿ ದಿನದ ಚಿತ್ರದಲ್ಲಿ ಒಮ್ಮೆ ನೋಡಿ. ಐದು ನದಿಗಳು ತಂದ ಕೆಂಪು ನೀರು ಕಡಲಿನೊಳಗೆ ಹರಡಿ, ಸೆಳೆತ ಯಾವ ಕಡೆಗಿದೆಯೋ ಆ ಕಡೆಗೆ ಬಾಗಿರುವುದು ಕಾಣುತ್ತದೆ. ಮರಳು ಸಾಗುವ ದಿಕ್ಕನ್ನು ತಿಳಿಯಲು ಇದು ಒಂದು ಸುಳಿವು.

ಮಳೆ, ನೆರೆ ಮತ್ತು ಮೋಡ ದಾಟುವ ಕಣ್ಣು

ಇನ್ಸ್ಯಾಟ್-3ಡಿಆರ್ ಉಪಗ್ರಹ 2016ರಲ್ಲಿ ಹಾರಿದ್ದು. ಅದನ್ನು ಕೂರಿಸಿದ್ದು ಸಮಭಾಜಕದ ಮೇಲೆ 74 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಬೈಂದೂರು ಇರುವುದು 74.6 ಡಿಗ್ರಿಯಲ್ಲಿ. ಅಂದರೆ ನಮ್ಮ ನೆತ್ತಿಯಿಂದ ಹದಿನಾರು ಡಿಗ್ರಿಯಷ್ಟು ದಕ್ಷಿಣಕ್ಕೆ, ಬಹುತೇಕ ನಮ್ಮ ನೇರಕ್ಕೇ ಅದರ ಜಾಗ. ಅದನ್ನು ನಿಯಂತ್ರಿಸುವುದು ಹಾಸನದಿಂದ. ಅರ್ಧ ಗಂಟೆಗೊಮ್ಮೆ ಅದು ಕೊಡುವ ಮೋಡದ ಚಿತ್ರ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ.

ಅದನ್ನು ಓದುವಲ್ಲಿ ಕರಾವಳಿಯವರು ಎಡವುವ ಜಾಗ ಒಂದಿದೆ. ಶಾಖದ ಚಿತ್ರದಲ್ಲಿ ಎತ್ತರದ, ತಣ್ಣನೆಯ ಮೋಡ ಅಚ್ಚ ಬಿಳಿಯಾಗಿ ತೋರುತ್ತದೆ. ಮೇ ತಿಂಗಳ ಸಿಡಿಲಿನ ಮೋಡಕ್ಕೆ ಇದು ಸರಿಯಾದ ಗುರುತು. ಆದರೆ ಜುಲೈಯಲ್ಲಿ ಘಟ್ಟಕ್ಕೆ ಬಡಿದು ಏರುವ ಗಾಳಿ, ಅಷ್ಟೇನೂ ಎತ್ತರವಿಲ್ಲದ ಮೋಡದಿಂದಲೇ ಧಾರಾಕಾರ ಸುರಿಸುತ್ತದೆ. ಚಿತ್ರದಲ್ಲಿ ಅದು ಮಂಕು ಬೂದಿ ಬಣ್ಣ. ಉಪಗ್ರಹದ ಮಳೆ ಅಂದಾಜು ಪಶ್ಚಿಮಘಟ್ಟದಲ್ಲಿ ಕಡಿಮೆ ಬರುವುದಕ್ಕೆ ದೊಡ್ಡ ಕಾರಣ ಇದೇ. ಹಾಗಾಗಿ ಎಷ್ಟು ಮಳೆ ಬಿತ್ತು ಎಂಬುದಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಟ್ಟಿರುವ ಮಳೆಮಾಪಕವನ್ನೇ ನಂಬಿ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಗೂ ಅಳತೆ ಬರುವುದು ನೆಲದ ಮೇಲಿನ ಮಾಪಕದಿಂದಲೇ. ನಿಮ್ಮ ಪಂಚಾಯಿತಿಯ ಮಾಪಕ ಕೆಟ್ಟಿದ್ದರೆ ಮಳೆಗಾಲಕ್ಕೆ ಮುಂಚೆಯೇ ಬರೆದು ತಿಳಿಸಿ, ಆಮೇಲೆ ಉಪಗ್ರಹ ಚಿತ್ರ ತೋರಿಸಿ ಪ್ರಯೋಜನವಿಲ್ಲ.

ಮೋಡದಡಿಯ ನೆಲ ನೋಡಲು ರೇಡಾರ್ ಉಪಗ್ರಹವೇ ಬೇಕು. ಅದು ತಾನೇ ಅಲೆ ಕಳಿಸಿ ಮಾರ್ದನಿ ಹಿಡಿಯುವುದರಿಂದ ಹಗಲಿರುಳಿನ, ಮೋಡದ ಹಂಗಿಲ್ಲ. ಯುರೋಪಿನ ಸೆಂಟಿನೆಲ್-1, ನಮ್ಮ ಇಒಎಸ್-04 ಈ ಬಗೆಯವು. ನಿಂತ ನೀರು ಅಲೆಯನ್ನು ಆಚೆ ತಳ್ಳಿಬಿಡುವುದರಿಂದ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ನೆರೆಯ ನಕಾಶೆ ಮಾಡುವುದು ಹೀಗೆ. ಆದರೆ ಬ್ರಹ್ಮಪುತ್ರದ ನೆರೆಯಂತೆ ನಮ್ಮದು ವಾರಗಟ್ಟಲೆ ನಿಲ್ಲುವುದಿಲ್ಲ. ನಾವುಂದದ ಸಾಲ್ಬುಡ, ಬಡಾಕೆರೆಯ ಕಡೆ ಸೌಪರ್ಣಿಕಾ ಉಕ್ಕಿದರೆ ನೀರು ಒಂದೆರಡು ದಿನದಲ್ಲಿ ಇಳಿದುಹೋಗುತ್ತದೆ. ಹನ್ನೆರಡು ದಿನಕ್ಕೊಮ್ಮೆ ಬರುವ ಉಪಗ್ರಹಕ್ಕೆ ಅದು ಸಿಗದೇ ಇರುವ ಸಂಭವವೇ ಹೆಚ್ಚು. ನೀರು ಏರಿದ ಮಟ್ಟವನ್ನು ಗೋಡೆಯ ಮೇಲೆ ಗುರುತು ಹಾಕಿ, ಹೊತ್ತು ಬರೆದು, ಫೋಟೋ ತೆಗೆದಿಟ್ಟರೆ ಪರಿಹಾರದ ಅರ್ಜಿಗೂ ಬಂತು, ಮುಂದೆ ಉಪಗ್ರಹದ ಚಿತ್ರವನ್ನು ತಾಳೆ ನೋಡಲೂ ಬಂತು.

2025ರ ಜುಲೈ 30ರಂದು ಇಸ್ರೋ, ನಾಸಾ ಸೇರಿ ಹಾರಿಸಿದ ‘ನಿಸಾರ್’ ಕೂಡ ರೇಡಾರ್ ಉಪಗ್ರಹವೇ. ಒಂದೇ ದಾರಿಯಲ್ಲಿ ಹನ್ನೆರಡು ದಿನಕ್ಕೊಮ್ಮೆ ಮರಳಿ ಬಂದು, ಎರಡು ಸಲದ ಅಲೆಗಳ ವ್ಯತ್ಯಾಸದಿಂದ ನೆಲ ಸೆಂಟಿಮೀಟರಿನಷ್ಟು ಜಾರಿದ್ದರೂ ಅಳೆಯುವುದು ಅದರ ವಿಶೇಷ. ಅದರ ಒಂದು ರೇಡಾರಿನ ಅಲೆ ಉದ್ದವಾದದ್ದು, ಮರದ ಎಲೆಗಳನ್ನು ದಾಟಿ ಒಳಗಿಳಿಯಬಲ್ಲದು. ಕಾಡು ಹೊದ್ದ ಘಟ್ಟದ ಇಳಿಜಾರಿಗೆ, ರಸ್ತೆಗಾಗಿ ಸೀಳಿದ ಗುಡ್ಡಗಳಿಗೆ ಇದು ಹೇಳಿಮಾಡಿಸಿದ್ದು. ಕುಸಿತದ ಭಯವಿರುವ ಊರಿನವರು ಇದರ ಮಾಹಿತಿಯನ್ನು ತಾವೇ ಬಿಡಿಸಿ ಓದುವುದು ಕಷ್ಟ. ಜಾಗದ ಅಕ್ಷಾಂಶ ರೇಖಾಂಶ, ಬಿರುಕು ಕಂಡ ದಿನಾಂಕ, ಫೋಟೋ ಇಷ್ಟನ್ನು ಸೇರಿಸಿ ತಹಶೀಲ್ದಾರರ ಮೂಲಕ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಕೊಡಿ, ರಾಜ್ಯ ದೂರಸಂವೇದಿ ಕೇಂದ್ರದಿಂದ ಪರಿಶೀಲನೆ ಮಾಡಿಸುವಂತೆ ಅರ್ಜಿಯಲ್ಲೇ ಬರೆಯಿರಿ. ಬಿರುಕು ಕಂಡ ದಿನಾಂಕ ಬಿಡಬೇಡಿ. ಯಾವ ಎರಡು ಚಿತ್ರಗಳನ್ನು ಹೋಲಿಸಬೇಕು ಎಂದು ಅವರು ಆರಿಸುವುದು ಅದರ ಮೇಲೆಯೇ.